ಬಾಗಿಲಾಚೆಯ ಗೆಳತಿ

“ಪ್ರೆಸ್ ದ ಬಟನ್, ಅಮ್ಮ,” ಎಂದಳು ಶ್ರೇಯಾ, ತುಟಿ ಅಲ್ಲಾಡಿಸದೆ.

ಕಪ್ಪು ಗೌನು, ಲೇಸಿನ ಟೋಪಿ ತೊಟ್ಟು ಅಡುಗೆಮನೆಯ ಸ್ಟೂಲಿನ ಮೇಲೆ ಬೊಂಬೆಯ ಹಾಗೆ ನಿಂತಿದ್ದಳು. ನಾಳೆ ಶಾಲೆಯಲ್ಲಿ ಮಕ್ಕಳೆಲ್ಲ ಚರಿತ್ರೆಯ ಒಬ್ಬೊಬ್ಬ ವ್ಯಕ್ತಿಯಾಗಿ ಹೀಗೇ ನಿಲ್ಲಬೇಕು. ಎದುರಿನ ಕೆಂಪು ಕಾಗದದ ಬಟನ್ ಒತ್ತಿದರೆ ಮಾತ್ರ ಬಾಯಿ ಬಿಡಬೇಕು. ಸ್ನೇಹಲತಾ ಕೈಗಂಟಿದ ಹಿಟ್ಟು ಒರೆಸಿಕೊಂಡು ಒತ್ತಿದಳು.

ಮಗಳು ಇಂಗ್ಲಿಷಿನಲ್ಲಿ ಗಡಗಡ ಒಪ್ಪಿಸಿದಳು. ತಾನು ನೂರೈವತ್ತು ವರ್ಷಕ್ಕೂ ಹಿಂದಿನ ಪತ್ತೇದಾರಿಣಿ. ಹೆಂಗಸರಿಗೆ ಯಾರೂ ಆ ಕೆಲಸ ಕೊಡದ ಕಾಲದಲ್ಲಿ ತಾನಾಗಿ ಹೋಗಿ ಕೇಳಿ ಪಡೆದವಳು. ಕಳ್ಳ ಬಾಯಿ ಬಿಡದಿದ್ದಾಗ ಅವನ ಹೆಂಡತಿಯ ಸ್ನೇಹ ಬೆಳೆಸಿದವಳು. ಜೊತೆಗೆ ತಿರುಗಾಡಿ, ಸುಖದುಃಖ ಕೇಳಿ, ಕಡೆಗೆ ಆ ಹೆಂಡತಿಯ ಬಾಯಿಂದಲೇ ಎಲ್ಲವನ್ನೂ ಹೊರಡಿಸಿದವಳು.

“ಎಂಥ ಪೆದ್ದಿ ಮಾರಾಯ್ತಿ ಅವಳು! ಸ್ವಲ್ಪವೂ ಗೊತ್ತಾಗ್ಲಿಲ್ವಾ?” ಸ್ನೇಹಲತಾ ನಕ್ಕಳು.

“ಶೀ ವಾಸ್ ಲೋನ್ಲಿ, ಅಮ್ಮ.”

ಸ್ನೇಹಲತಾಳಿಗೆ ತಟ್ಟನೆ ಕಾವ್ಯಕ್ಕ ನೆನಪಾದಳು. ಅವಳು ಸಿಕ್ಕಿದ್ದು ಹೋದ ತಿಂಗಳು, ಲಿವರ್‌ಮೋರಿನ ದೇವಸ್ಥಾನದಲ್ಲಿ, ಪ್ರಸಾದದ ಸಾಲಿನಲ್ಲಿ. “ಈರೆನ ಊರು ಓಲು?” ಎಂದು ತುಳುವಿನಲ್ಲಿ ಊರು ಯಾವುದೆಂದು ಕೇಳಿದ್ದಳು. ಅಷ್ಟು ಸಾಕಾಯಿತು ನೋಡಿ! ಗಂಡ ಯತೀಶನ ಹೊಡೆತ ತಾಳಲಾರದೆ ಡಲ್ಲಾಸಿನಿಂದ ಮಗಳನ್ನು ಕರೆದುಕೊಂಡು ಓಡಿಬಂದವಳು, ಹೆತ್ತವರಿಗೂ ವಿಳಾಸ ಕೊಡದವಳು, ಸ್ನೇಹಲತಾ ಆ ಒಂದು ಮಾತಿಗೆ ಕರಗಿಹೋದಳು. ಊರು, ಮನೆ, ಈ ಅಪಾರ್ಟ್‌ಮೆಂಟು, ಮಗಳ ಶಾಲೆ, ಎಲ್ಲವನ್ನೂ ಹೇಳಿಬಿಟ್ಟಳು. ಎಲ್ಲಿದ್ದರೂ ಹುಡುಕಿ ಮಗಳನ್ನು ಕಿತ್ತುಕೊಳ್ಳುತ್ತೇನೆ ಎಂದು ಯತೀಶ ಹೇಳಿದ್ದು ಆಗ ಎಲ್ಲಿ ಹೋಗಿತ್ತೋ.

ಉಡುಪಿ ಕಡೆಯವರು ಎದುರಾದರೆ ಊರಾದ ಮೇಲೆ ಯಾವ ಮನೆ, ಯಾರ ಮನೆತನ ಎಂದು ಕೇಳುತ್ತಾರೆ. ಕೇಳಿ ತಮ್ಮದನ್ನೂ ಹೇಳುತ್ತಾರೆ. ಕಾವ್ಯಕ್ಕ ಕೇಳಿದ್ದಳು. ತನ್ನದನ್ನು ಮಾತ್ರ ಈವರೆಗೆ ಹೇಳಿರಲಿಲ್ಲ.

ಬೆಲ್ ಆಯಿತು.

“ನಾನು ಮಾರಾಯ್ತಿ, ಕಾವ್ಯ. ನೀರುದೋಸೆ ತಂದಿದ್ದೇನೆ, ಬಿಸಿ ಉಂಟು. ಬಾಗಿಲು ತೆಗಿ.”

ಶ್ರೇಯಾ ಇಳಿಯಲು ಕಾಲು ಚಾಚಿದಳು. ಸ್ನೇಹಲತಾ ತುಟಿಯ ಮೇಲೆ ಬೆರಳಿಟ್ಟಳು. ಅಮ್ಮನ ಮುಖ ನೋಡಿ ಮಗು ಮತ್ತೆ ಬೊಂಬೆಯಾಯಿತು.

“ಕಾವ್ಯಕ್ಕ, ಊರಲ್ಲಿ ನಿಮ್ಮದು ಯಾವ ಮನೆ?” ಸ್ನೇಹಲತಾ ಬಾಗಿಲ ಹತ್ತಿರ ಹೋಗಿ ಕೇಳಿದಳು.

“ಎಂತದು ಈಗ ಅದೆಲ್ಲ? ತೆಗಿ, ಹೇಳ್ತೇನೆ.”

“ಮೊದ್ಲು ಹೇಳಿ.”

ಬಾಗಿಲಾಚೆ ಯಾರೋ ಗಂಡಸು ಮೆಲ್ಲಗೆ ಗಂಟಲು ಸರಿಮಾಡಿಕೊಂಡ. ಹೊಡೆಯುವ ಮೊದಲು ಯತೀಶ ಹಾಗೇ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

ಸ್ನೇಹಲತಾ ಚಿಲಕ ಮುಟ್ಟಿ ನೋಡಿಕೊಂಡಳು. ಅಯ್ಯೋ ದೇವರೇ, ಎಷ್ಟು ಚಿಕ್ಕದಿದು! ಫೋನೆತ್ತಿ ಪೊಲೀಸರಿಗೆ, ಯಾರಿಗೂ ಹೇಳಬಾರದೆಂದುಕೊಂಡಿದ್ದ ವಿಳಾಸವನ್ನು ಪಿಸುದನಿಯಲ್ಲಿ ಎರಡು ಸಲ ಹೇಳಿದಳು. ಬಾಗಿಲಿನ ಹಿಡಿ ಒಮ್ಮೆ ಕೆಳಗಿಳಿದು ಮೇಲೆ ಬಂತು.

ಶ್ರೇಯಾ ಸ್ಟೂಲಿನ ಮೇಲೆ ಕದಲದೆ ನಿಂತೇ ಇದ್ದಳು. ಟೋಪಿಯ ಲೇಸು ಮಾತ್ರ ಅದುರುತ್ತಿತ್ತು.