ಅಳಿಯನ ಹೆಸರು ಹಾಕಿಸಿದ ಪಾತ್ರೆಗಳು

ಟಣ್ ಅಂತ ಮುಚ್ಚಳವೊಂದು ಜಾರಿ ಬಿದ್ದು ಮೊಸಾಯಿಕ್ ನೆಲದ ಮೇಲೆ ಗಿರಗಿರ ತಿರುಗಿತು, ತಿರುಗಲಿ, ಯಾರಾದರೂ ಕಾಲಿಟ್ಟು ನಿಲ್ಲಿಸುತ್ತಾರೆ ಅಂದುಕೊಂಡಳು ತೇಜಸ್ವಿನಿ, ಯಾರೂ ನಿಲ್ಲಿಸಲಿಲ್ಲ, ಅದೇ ಸುಸ್ತಾಗಿ ಮಲಗಿತು — ದೊಡ್ಡ ಬೋಸಿಯ ಮುಚ್ಚಳ ಅದು, ಬೋಸಿ ಇನ್ನೂ ಅಟ್ಟದ ಮೇಲೇ ಇದೆ, ಹೇಳಬೇಕು, ಹೇಳಲಿಕ್ಕೆ ಬಾಯಿ ಏಳುತ್ತಿಲ್ಲ. ನಡುಮನೆ ಹಾಲಿನ ತುಂಬ ಪಾತ್ರೆ. ಐದು ವರ್ಷದ ಸಂಸಾರ ಅಟ್ಟದಿಂದಲೂ ಅಡುಗೆಮನೆಯಿಂದಲೂ ಇಳಿದು ಬಂದು ನೆಲದ ಮೇಲೆ ಕೂತಿದೆ, ಸಂತೆಗೆ ಬಂದವರ ಹಾಗೆ. ಬಾಗಿಲಾಚೆ ಅಪ್ಪ ರಾಜಾನುಕುಂಟೆಯಿಂದ ಬಾಡಿಗೆಗೆ ಮಾಡಿಕೊಂಡು ಬಂದ ಟೆಂಪೊ, ಅದರ ಡ್ರೈವರ್ ಹಾರ್ನ್ ಹೊಡೆದು ಹೊಡೆದು ಸುಮ್ಮನಾಗಿದ್ದಾನೆ. ಇವತ್ತು ಯಲಹಂಕದ ಹತ್ತಿರದ ಈ ಸಿಂಗಾಪುರದ ಮನೆ ಬಿಟ್ಟು ಹೊರಡುವ ದಿನ, ಮದುವೆ ಮುರಿದುಕೊಂಡು ಹೊರಡುವ ದಿನ, ಹಿರಿಯರೆಲ್ಲ ಕೂತು ಆಗಲಿ ಅಂದಾಗಿದೆ, ಇನ್ನು ಅವರವರ ಪಾತ್ರೆ ಅವರವರಿಗೆ ಆದರೆ ಮುಗಿಯಿತು. ಅಳು ಬರಬೇಕಿತ್ತು, ಬರಲಿಲ್ಲ, ಹಲ್ಲು ಕೀಳಿಸಿಕೊಂಡ ಮೇಲೆ ದವಡೆ ಇರುತ್ತದಲ್ಲ ಹಾಗಿದೆ ಮೈಯೆಲ್ಲ, ಮುಟ್ಟಿದರೆ ಬೇರೆ ಯಾರದೋ. ಗೋಡೆಗೆ ಒರಗಿ ಕೂತು ಅವಳು ಕಾಯುತ್ತಿರುವುದು ಒಂದಕ್ಕೇ, ಗಂಡ ವಾಸು ಒಂದು ಮಾತಾಡಲಿ. ಹೋಗಬೇಡ ಅಂತಲೇ ಆಗಬೇಕೆಂದಿಲ್ಲ, ತೊಲಗು ಅಂದರೂ ಆದೀತು, ಬೈಯಲಿ ಬೇಕಾದರೆ, ಅವಳಿಗೇ ಅಂತ ಒಂದು ಮಾತು.

ಒಡೀತಾನೇನವ್ವಾ, ಇಲ್ಲ, ಕುಡೀತಾನಾ, ಇಲ್ಲ, ಇನ್ಯಾವಳಾದ್ರೂ ಇಟ್ಕಂಡವ್ನಾ, ಅಯ್ಯೋ ಇಲ್ಲ, ಮತ್ತೇನು ನಿಂದು ಅಂತ ದಾಸಪ್ಪ ಕೇಳಿದ್ದ — ಹಳೇ ಸಿಂಗಾಪುರದ ಹಿರಿಯ, ತೋಟಗಳೆಲ್ಲ ಲೇಔಟ್ ಆದರೂ ಪಂಚಾಯ್ತಿಗೆ ಇವತ್ತಿಗೂ ಅವನೇ ಬೇಕು — ನನ್ನ ಹತ್ರ ಮಾತಾಡಲ್ಲ ಅಂದಿದ್ದಳು ತೇಜಸ್ವಿನಿ. ಮಾತಾಡಲ್ಲ ಅಂದ್ರೆ? ಅದೂ ಒಂದ್ ತಪ್ಪಾ, ಮಾತಾಡಿದ್ರೆ ಓಯ್ತು ಮುತ್ತು ಒಡೆದ್ರೆ ಓಯ್ತು ಅಂತ ಗಾದೆನೇ ಐತಲ್ಲವ್ವಾ, ಅಂದಾಗ ಕೂತವರೆಲ್ಲ ನಕ್ಕಿದ್ದರು, ಅವಳಿಗೂ ನಗು ಬಂದಿತ್ತು, ಏನು ಮಾಡುವುದು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನುತ್ತಾರೆ, ಜಗಳ ಅಂತ ಒಂದಿದ್ದರೆ ತಾನೇ ಉಂಡು ಮಲಗುವುದು? ಬಸ್ ಕಂಡಕ್ಟರು ವಾಸು, ಬೆಳಗಾದರೆ ಹೆಬ್ಬಾಳ ಹೆಬ್ಬಾಳ, ಮತ್ತಿಕೆರೆ ಯಾರ್ರೀ ಇಳ್ಕೊಳ್ಳಿ, ಮುಂದಕ್ಕೋಗ್ರೀ ಒಳಗೆ ಜಾಗ ಇದೆ, ಊರಿಗೆಲ್ಲ ಆಗುವಷ್ಟು ಬಾಯಿ, ಮನೆಗೆ ಬರುವಾಗ ಬೀದಿ ನಾಯಿಗೂ ಊಟ ಆಯ್ತೇನೋ ಮಗಾ ಅನ್ನುತ್ತಾನೆ, ಹೊಸಿಲು ದಾಟಿದ ಮೇಲೆ ಅಮ್ಮನ ಹತ್ತಿರ ಮಾತು, ಫೋನಿನಲ್ಲಿ ಮಾತು, ಅವಳ ಹತ್ತಿರ ಇಲ್ಲ. ಮೊದಲು ಸಾರು ಚೆನ್ನಾಗಿದೆ ಅನ್ನುವುದು ನಿಂತಿತು, ಆಮೇಲೆ ಉಪ್ಪಿಲ್ಲ ಅನ್ನುವುದೂ ನಿಂತಿತು, ಬೇಕಂತಲೇ ಉಪ್ಪು ಹಾಕದೆ ಇಟ್ಟು ನೋಡಿದಳು ಒಂದು ದಿನ, ಸುಮ್ಮನೆ ಉಂಡು ಕೈ ತೊಳೆದ ಪುಣ್ಯಾತ್ಮ. ಏನಾಯ್ತು ರೀ ಅಂದರೆ ಏನಿಲ್ಲ. ಆಮೇಲಾಮೇಲೆ ಆ ಏನಿಲ್ಲವೂ ಇಲ್ಲ, ಬೋರ್‌ವೆಲ್ಲು ಬತ್ತಿದ ಹಾಗೆ, ಯಾವ ದಿನ ಬತ್ತಿತು ಅಂತ ಯಾರು ಹೇಳುತ್ತಾರೆ.

ಎಸ್ರು ನೋಡ್ಕಂಡ್ ಎತ್ತಿಕ್ಕಿ ಅತ್ಲಾಗೆ, ಜಗಳನೇ ಬ್ಯಾಡ — ಇದು ಪಿಳ್ಳಣ್ಣ ಮಾವ, ಅವ್ವನ ತಮ್ಮ, ಹುಡುಗಿಗೆ ಒಳ್ಳೆಯದಾಗಲಿ ಅಂತಲೇ ಅಂದದ್ದು ಪಾಪ. ಎಲ್ಲ ಕಡೆ ಹಾಗೇ ತಾನೇ, ಪಾತ್ರೆ ಕೊಡುವವರು ಅಂಚಿಗೆ ತಮ್ಮ ಹೆಸರು ಹಾಕಿಸುತ್ತಾರೆ, ಯಾರ ಹೆಸರೋ ಅವರ ಕಡೆಯದು. ಸರಿ ಅಂದ ದಾಸಪ್ಪ, ಮೊದಲ ಬೋಸಿ ಎತ್ತಿ ತಿರುಗಿಸಿ ಕಣ್ಣು ಕಿರಿದು ಮಾಡಿ ಓದಿದ, ಚಿ. ವಾಸು. ಚೊಂಬು ತೆಗೆದ, ಚಿ. ವಾಸು. ಇಡ್ಲಿ ಪಾತ್ರೆ, ಬಿಂದಿಗೆ, ಬೆಳಗ್ಗೆ ಕಾಫಿ ಕುಡಿದ ಲೋಟ, ಚಿ. ವಾಸು. ಲೇ ಮುನಿಆಂಜಿನಪ್ಪಾ, ನಿಂದ್ ಎಲ್ಲೋ ಐತೆ? ಅಪ್ಪ ತಲೆ ಬಗ್ಗಿಸಿದ. ಯಲಹಂಕದ ಪಾತ್ರೆ ಅಂಗಡಿ ಅದು, ಮದುವೆಗೆ ಇನ್ನೂ ದಿನವಿತ್ತು, ಮಿಷನ್ನು ಹಿಡಿದ ಹುಡುಗ ಯಾರೆಸ್ರು ಹಾಕ್ಲಿ ಯಜಮಾನ್ರೇ ಅಂತ ಕೇಳಿದಾಗ ಅಪ್ಪ ಹೊಸ ಪಂಚೆಯಲ್ಲಿ ಎದೆ ಉಬ್ಬಿಸಿ, ನಮ್ಮಳಿಯಂದಾಕಪ್ಪಾ, ನನ್ನೆಸ್ರು ಯಾವನಿಗ್ ಬೇಕು, ಕೊಟ್ಟಿದ್ದು ಯಾವಾಗ್ಲೂ ಅವರದೇ ಅಲ್ವಾ ಅಂದಿದ್ದ, ಅವ್ವ ಮಗಳೆಸ್ರಾದ್ರೂ ಆಕ್ಸಿ ಅಂದರೆ ಸುಮ್ಕಿರೇ ನಿಂಗೇನ್ ಗೊತ್ತಾಯ್ತದೆ ಅಂದಿದ್ದ, ಮತ್ತೆ ಟರ್ರ್ ಟರ್ರ್ ಅಂತ ಚುಕ್ಕಿ ಚುಕ್ಕಿಯಾಗಿ ಮೂಡುವ ಅಕ್ಷರ, ಬಿಸಿ ಸ್ಟೀಲಿನ ವಾಸನೆ, ಅವಳಿಗೆ ನಾಚಿಕೆಯಾಗಿ ಬೀದಿ ಕಡೆ ತಿರುಗಿ ನಿಂತಿದ್ದು. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತ ಅತ್ತೆ, ಹೇಳಬಾರದ ಹೆಸರನ್ನ ದಿನಕ್ಕೆರಡು ಸಲ ಸೋಪು ಹಾಕಿ ಉಜ್ಜುತ್ತಿದ್ದೀನಿ ನೋಡ್ರೀ ಅಂತ ಅವಳು ಕಾಡಿಸುತ್ತಿದ್ದಳು ಮೊದಮೊದಲು, ಅವನು ಆಗ ಮಾತಾಡುತ್ತಿದ್ದ, ನನ್ ಹೆಸ್ರು ಸವೀದಂಗೆ ಉಜ್ಜು ಕಣೇ ಅನ್ನುತ್ತಿದ್ದ. ಆ ಬಿಂದಿಗೆಯ ತಗ್ಗು ಆಗಿದ್ದು ಟ್ಯಾಂಕರ್ ನೀರು ಬಂದ ದಿನ, ಇಬ್ಬರೂ ಒಟ್ಟಿಗೆ ಓಡಿ ಮೆಟ್ಟಿಲ ಮೇಲೆ ಡಿಕ್ಕಿ ಹೊಡೆದು, ನೀರೆಲ್ಲ ಚೆಲ್ಲಿ ನಕ್ಕಿದ್ದು, ಯಾರು ನಕ್ಕಿದ್ದು ಮೊದಲು, ನೆನಪಾಗುತ್ತಿಲ್ಲ, ಅವನೇ ಇರಬೇಕು. ಊಟದ ಡಬ್ಬಿ ನೋಡಿ ಡಿಪೋದಲ್ಲಿ ಸ್ನೇಹಿತರು, ಏನ್ ಗುರೂ ಮಾವ ನಿನ್ನನ್ನೇ ಡಬ್ಬೀಲಿ ಹಾಕಿ ಕಳಿಸ್ತಾರೆ ಅಂತ ರೇಗಿಸಿದ್ದನ್ನು ಬಂದು ಹೇಳಿ ಎಷ್ಟು ಹೊತ್ತು ನಕ್ಕಿದ್ದ. ಆ ಡಬ್ಬಿ ಅಗೋ ಅಲ್ಲಿ ಬಾಯಿ ತೆರೆದುಕೊಂಡು ಕೂತಿದೆ, ಒಳಗೆ ನಿನ್ನೆಯ ಉಪ್ಪಿನಕಾಯಿ ವಾಸನೆ ಇದ್ದೇ ಇರುತ್ತದೆ, ಎಷ್ಟು ತೊಳೆದರೂ ಹೋಗಲ್ಲ.

ಹಂಗಾದ್ರೆ ಮಾತೇ ಇಲ್ಲ ಬುಡು, ಎಸ್ರು ಐತೆ, ಎಲ್ಲಾ ಈ ಮನೇವೇ ಅಂತ ದಾಸಪ್ಪ ಟವೆಲ್ಲು ಕೊಡವಿದ. ಪಿಳ್ಳಣ್ಣ ಮಾವನಿಗೆ ತನ್ನ ನಾಲಿಗೆ ತಾನೇ ಕಚ್ಚಿಕೊಂಡ ಹಾಗಾಯಿತು, ಕೊಟ್ಟಿದ್ದು ಅವರದೇ ಅಂತ ಊರೆಲ್ಲ ಹೇಳಿಕೊಂಡು ಬಂದ ಅಪ್ಪ ಈಗ ಏನಂತ ಕೇಳುತ್ತಾನೆ. ಪಾತ್ರೆ ಹೋದರೆ ಹೋಗಲಿ, ತೇಜಸ್ವಿನಿಗೆ ಅದಲ್ಲ, ಅವಳು ವಾಸುವನ್ನು ನೋಡಿದಳು, ಈಗ ಹೇಳುತ್ತಾನೆ, ಹೇಳಲೇಬೇಕು, ಇದು ಅವನಿಗೆ ಗೊತ್ತಿರುವ ವಿಷಯ, ನಂದಲ್ಲ ಕಣ್ರೀ ಅವಳಪ್ಪ ತಂದಿದ್ದು ಅಂದರೆ ಆಯ್ತಲ್ಲ, ಅವಳ ಬಗ್ಗೆ ಒಂದು ಮಾತು ಆಡಿದ ಹಾಗೂ ಆಯ್ತಲ್ಲ — ವಾಸು ಕಿಟಕಿಯಾಚೆ ಟೆಂಪೊ ನೋಡುತ್ತಿದ್ದ. ಹೇಳು. ಹೇಳೋ ಮಾರಾಯ. ಅಡುಗೆಮನೆಯಿಂದ ಅತ್ತೆ ಅಂಜನಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು, ಐದು ವರ್ಷ ಸೊಸೆಯ ಮುದ್ದೆ ಗಂಟು ಅಂತ ಬೈದವಳು, ದಾಸಣ್ಣಾ, ಎಸ್ರು ಗಿಸ್ರು ನೋಡ್ಬ್ಯಾಡ, ಔವೆಲ್ಲ ಆ ಮಗೀನ ಪಾತ್ರೆ, ನಾನ್ ಕಂಡಿವ್ನಿ, ಅದ್ರಲ್ ಬೇಯ್ಸಿದ್ ಅನ್ನ ನನ್ ಗಂಟ್ಲಲ್ಲಿ ಇಳೀತದಾ? ಎತ್ತಾಕು ಟೆಂಪೊಗೆ. ಅಷ್ಟೇ ಅಂದು ಒಳಗೆ ಹೋದಳು, ನಲ್ಲಿ ತಿರುಗಿಸಿದ ಸದ್ದು ಬಂತು. ಪಾತ್ರೆ ಸಿಕ್ಕಿತು. ಅಪ್ಪ ಕಣ್ಣೊರೆಸಿಕೊಂಡ. ತೇಜಸ್ವಿನಿಗೆ ಏನೂ ಆಗಲಿಲ್ಲ, ಸಿಕ್ಕಬೇಕಾದ್ದು ಬೇರೆ ಇತ್ತು, ಬೇರೆಯವರಿಂದ.

ಆಗ ವಾಸು ಎದ್ದ. ಬರುತ್ತಾನೆ, ಬಂದ, ತಟ್ಟೆಗಳ ಮುಂದೆ ಕುಕ್ಕರಗಾಲಲ್ಲಿ ಕೂತ. ಒಂದರ ಮೇಲೊಂದು ಸುಮ್ಮನೆ ಪೇರಿಸಿದರೆ ದಾರಿಯಲ್ಲಿ ಅಲುಗಾಡಿ ಗೀರು ಬೀಳುತ್ತದೆ ಅಂತ ಹಳೇ ಪೇಪರು ಹರಿದು ನಡುವೆ ಇಡತೊಡಗಿದ, ತಟ್ಟೆ, ಪೇಪರು, ತಟ್ಟೆ, ಅಂಗೈಯಲ್ಲಿ ಸವರಿ ಸುಕ್ಕು ಬಿಡಿಸಿ ಮತ್ತೆ ಪೇಪರು, ಎಷ್ಟು ನಾಜೂಕು ಆ ಬೆರಳಿಗೆ, ಟಿಕೆಟ್ಟು ಹರಿದು ಹರಿದು ಬಂದ ನಾಜೂಕು. ಪೇಪರು ಮುಗಿಯಿತು. ತಲೆಯೆತ್ತದೆ ಕೈ ಮಾತ್ರ ಹಿಂದಕ್ಕೆ ಚಾಚಿ, ತೇಜೂ, ಇನ್ನೊಂದೆರಡು ಪೇಪರ್ ಕೊಡು ಅಂದ. ಬಂತು. ಮಾತು ಬಂತು, ಹೆಸರು ಹಿಡಿದು, ಅವಳಿಗೇ ಅಂತ, ಎಷ್ಟು ಕಾಲದ ಮೇಲೆ. ಅವಳ ಕಾಲುಗಳು ತಾವಾಗಿಯೇ ಎದ್ದವು, ದಿವಾನ್ ಮಂಚದ ಕೆಳಗೆ ಪೇಪರಿನ ಕಟ್ಟು ಇರುವುದು ಅವಳಿಗೇ ತಾನೇ ಗೊತ್ತು, ಬಗ್ಗಿದಳು, ಎಳೆದಳು, ಧೂಳು ಕೊಡವಿ ಆ ಕೈಗೆ ಕೊಟ್ಟಳು, ತಗೊಂಡ, ತಿರುಗಿ ನೋಡಲಿಲ್ಲ. ಟೆಂಪೊ ಸ್ಟಾರ್ಟ್ ಆಗಿದೆ, ಅಪ್ಪ ಕರೆಯುತ್ತಿದ್ದಾನೆ ಬಾ ಮಗಾ ಒತ್ತಾಯ್ತು, ಬಂದೆ ಅನ್ನಬೇಕು, ಅನ್ನುತ್ತಿಲ್ಲ, ಅವಳು ನಿಂತಿದ್ದಾಳೆ, ತಟ್ಟೆ, ಪೇಪರು, ಅಂಗೈ ಸವರುತ್ತದೆ, ತಟ್ಟೆ, ಪೇಪರು, ಅಂಗೈ.