ಬಾವಿಯಜ್ಜಿಯ ಅಂಗೈ

ಟಪ್—ನಲ್ಲಿ ಮತ್ತೆ ತೊಟ್ಟಿಕ್ಕಿತು, ಬ್ರನ್ಸ್‌ವಿಕ್‌ನ ಈ ಮಹಡಿ ಕೋಣೆ ಹಿಡಿದಾಗಿನಿಂದ ತೊಟ್ಟಿಕ್ಕುತ್ತಲೇ ಇದೆ, ಕ್ಯಾಲಿ ಆ ಸದ್ದನ್ನೇ ಹಿಡಿದು ಕಂಪ್ಯೂಟರ್ ಆಟದೊಳಗಿನ ಬಾವಿಗೆ ಹಾಕಿದ್ದಳು, ಈಗ ಯಾವುದು ನಲ್ಲಿ ಯಾವುದು ಬಾವಿ ಎಂದು ಅವಳ ಕಿವಿಗೇ ತಿಳಿಯದು, ಕೆಳಗೆ ಟ್ರಾಮು ಗಂಟೆ ಬಾರಿಸಿಕೊಂಡು ಹೋಯಿತು, ತೆರೆಯ ಮೇಲೆ ಒಂದೇ ಚೌಕ ಖಾಲಿ, ಬೆಲೆಯದು—ಅದನ್ನು ತುಂಬಿ ಗುಂಡಿ ಒತ್ತಿದರೆ ಇಬ್ಬರೇ ಕೂತು ನಾಲ್ಕು ವರ್ಷ ಕಟ್ಟಿದ ಆಟ ಲೋಕದ ಪಾಲು. ಹದಿನೈದು ಡಾಲರ್ ಹಾಕು ಮಾರಾಯ್ತಿ, ಎದುರು ಮೇಜಿನಿಂದ ಫರ್ಗಸ್, ಚಿತ್ರವೆಲ್ಲ ಬಿಡಿಸಿದವನು, ನಮ್ಮಂಥ ಸಣ್ಣ ತಂಡದ ಆಟಕ್ಕೆ ಅಷ್ಟೇ ಅಂತ ಲೋಕಕ್ಕೇ ಗೊತ್ತು. ಮೂರು ಕಾಫಿ ದುಡ್ಡಿಗೆ ನನ್ನ ಯಾಯಾನ, ನನ್ನಜ್ಜಿನ ಮಾರ್ಲೇನೋ? ಮೂವತ್ತು. ಮೂವತ್ತಕ್ಕೆ ನಿನ್ ಯಾಯಾನೇ ಎದ್ದು ಬಂದು ಕೊಂಡ್ಕೋಬೇಕಷ್ಟೆ—ಎಂದವನು ನಾಲಿಗೆ ಕಚ್ಚಿಕೊಂಡ, ಅವಳು ನಗಲಿಲ್ಲ, ಸತ್ತ ಯಾಯಾ ಎದ್ದು ಬಂದರೂ ಬಂದಾಳು, ಅಜ್ಜಿಯರನ್ನು ನಂಬುವ ಹಾಗಿಲ್ಲ. ಕ್ಯಾಲಿ ಸಣ್ಣವಳಿದ್ದಾಗಿನ ಕೋಬರ್ಗ್‌ನ ಹಿತ್ತಿಲು, ನಿಂಬೆ ಗಿಡದ ನೆರಳು, ಕಪ್ಪು ಲಂಗದ ಮಡಿಲಲ್ಲಿ ಬೀನ್ಸಿನ ನಾರು ಬಿಡಿಸುತ್ತ ಯಾಯಾ ಈಗ ಆಟವಾಗಿರುವ ಕಥೆ ಹೇಳುತ್ತಾಳೆ, ಬಾವಿಯೊಳಗೊಬ್ಬಳು ಮುದುಕಿ, ನೀರಿಗೆ ಬಂದವರ ಮುಂದೆ ಅಂಗೈ ಚಾಚ್ತಾಳೆ, ಏನು ಕೊಡ್ತೀಯ ಅಂತಾಳೆ, ಕಡಿಮೆ ಅಂದವರ ಕೊಡ ಮುಳುಗ್ತದೆ, ಹೆಚ್ಚು ಅಂದವರೇ ಮುಳುಗ್ತಾರೆ. ಹಾಗಾದ್ರೆ ಸರಿ ಬೆಲೆ ಯಾವುದು ಯಾಯಾ? ಅದನ್ನ ಹೇಳಿದೋರು ಇನ್ನೂ ಮೇಲೆ ಬಂದಿಲ್ಲ ಕಂದಾ.

ಟಪ್. ಮಧ್ಯಾಹ್ನ ಅವರು ಫೋನ್ ಮಾಡ್ತಾರೆ ಕಣೇ, ಫರ್ಗಸ್ ಈಗ ತಗ್ಗಿದ ದನಿಯಲ್ಲಿ, ಆಟ ನಮ್ಮಿಬ್ಬರ ಹೊಟ್ಟೆಗೆ ಸಾಕಾಗಲ್ಲ ಅಂತಾದ್ರೆ ನಾನು ಹ್ಞೂಂ ಅಂತೀನಿ. ಅವರು ಎಂದರೆ ನಾಣ್ಯ ಹಾಕಿ ಆಡುವ ಜೂಜಿನ ಪೆಟ್ಟಿಗೆ ಮಾಡುವ ಕಂಪನಿ, ಅವರಿಗೆ ಇವನೂ ಬೇಕು ಇವನ ಬಾವಿಯೂ ಬೇಕು, ನೀರಿಗೊಂದಿಷ್ಟು ಚಿನ್ನದ ಬಣ್ಣ ಬಳಿದ್ರೆ ಸಾಕಂತೆ, ಮುದುಕಿ ಹಾಗೇ ಇರ್ಲಂತೆ. ಮುದುಕಿ ಹಾಗೇ ಇದ್ದಳು, ಯಾಯಾಳ ಕೊನೆಯ ವರ್ಷ, ಕ್ಲಬ್ಬಿನ ಒಳಕೋಣೆ, ಕಿಟಕಿಯಿಲ್ಲ ಗಡಿಯಾರವಿಲ್ಲ, ಸಾಲುಸಾಲು ಪೆಟ್ಟಿಗೆ, ಅವುಗಳ ಬೆಳಕಿಗೆ ಅವಳ ಮುಖ ಕೆಂಪು, ಹಸಿರು, ಮತ್ತೆ ಕೆಂಪು, ಮೊಮ್ಮಗಳ ಮುಖ ನೋಡದೆಯೇ ಅಂಗೈ ಚಾಚಿದಳು, ಇನ್ನೊಂದೇ ನಾಣ್ಯ ಕಂದಾ—ಆ ಪೆಟ್ಟಿಗೆಯ ಮೇಲೆ ಬೆಲೆಯೇ ಬರೆದಿರಲಿಲ್ಲ, ಅದಕ್ಕೇ ಯಾರೂ ದುಬಾರಿ ಅನ್ನಲಿಲ್ಲ, ಕಥೆಗೆ ಬೆಲೆ ಬರೆದರೆ ಮಾತ್ರ ಜನ ಹುಬ್ಬೇರಿಸುತ್ತಾರೆ. ಕಡಿಮೆ ಎಂದರೆ ಕೊಡ, ಹೆಚ್ಚೆಂದರೆ—ಅವಳ ಬೆರಳು ಮೂರು ಒತ್ತಿತು, ಸೊನ್ನೆ ಒತ್ತಿತು. ತಡಿಯೇ, ಫರ್ಗಸ್ ಎದ್ದ, ಎರಡು ಗಂಟೆ ಆಡೋದ್ರೊಳಗೆ ಬೇಡ ಅಂದ್ರೆ ಆನ್‌ಲೈನ್ ಅಂಗಡಿಯೋರು ದುಡ್ಡು ವಾಪಸ್ ಕೊಡ್ತಾರೆ, ನಮ್ಮಾಟ ಒಂದೂವರೆ ಗಂಟೇಲೇ ಮುಗಿಯತ್ತೆ, ಬಾವಿಗಿನ್ನಷ್ಟು ಮೆಟ್ಟಿಲು ಕಟ್ಟಿ ಎಳೆಯೋಣ ಅಂತ ಬಡ್ಕೊಂಡೆ, ಕೇಳಿದ್ಯಾ? ಕೇಳಿರಲಿಲ್ಲ, ಇದ್ದ ಮೆಟ್ಟಿಲನ್ನೂ ಕಿತ್ತಿದ್ದಳು, ಯಾಯಾಳ ಕಥೆ ಒಂದು ಬುಟ್ಟಿ ಬೀನ್ಸ್ ಮುಗಿಯುವುದರೊಳಗೆ ಮುಗಿಯಬೇಕು, ಎಳೆದ ಕಥೆ ಹೆಣದ ಹಾಗೆ. ಅಳೋ ಹಾಗೆ ಮಾಡಿದೋರ ಹತ್ರ ಯಾರು ದುಡ್ಡು ಕಿತ್ಕೋತಾರೋ, ಎಂದಳು, ಒತ್ತಿದಳು.

ಈಗ ಕಿಟಕಿಯ ಬಿಸಿಲು ಮೇಜು ದಾಟಿದೆ, ಕೊಂಡವರಿದ್ದಾರೆ, ಹೌದು ಇದ್ದಾರೆ, ಆಡಿದವರ ಮೊದಲ ಮಾತು ಬಂತು, ಫರ್ಗಸ್ ಓದುತ್ತಿದ್ದಾನೆ, ತುಂಬಾ ಚೆನ್ನಾಗಿದೆ, ಕೊನೆಯಲ್ಲಿ ಅತ್ತೇಬಿಟ್ಟೆ, ಒಂದೂವರೆ ಗಂಟೇಲಿ ಮುಗೀತು, ಮೂವತ್ತು ಡಾಲರ್ ಜಾಸ್ತಿ ಆಯ್ತು, ವಾಪಸ್ ತಗೊಂಡೆ, ಥ್ಯಾಂಕ್ಸ್—ಅದರ ಕೆಳಗೆ ಇನ್ನೊಂದು, ನಾನೂ—ಇನ್ನೊಂದು, ನಾನೂ—ಕಣ್ಣೀರು ಇಟ್ಟುಕೊಂಡರು, ದುಡ್ಡು ಒಯ್ದರು, ಮೇಜಿನ ಮೇಲೆ ಫೋನು ನಡುಗುತ್ತ ಜರುಗುತ್ತಿದೆ, ಫರ್ಗಸ್ ಅವಳ ಕಡೆ ನೋಡಿದ, ಕ್ಯಾಲಿ, ಎಂದ, ಅಷ್ಟೇ, ಫೋನು ಕಿವಿಗಿಟ್ಟ, ಹ್ಞೂಂ ಸರ್, ಹ್ಞೂಂ, ಬಾವಿ ನಂದೇ ಚಿತ್ರ, ಹ್ಞೂಂ—ಟಪ್—ಕ್ಯಾಲಿಯ ಕಣ್ಣೆದುರು ನೀರಿಗೆ ಚಿನ್ನದ ಬಣ್ಣ ಏರುತ್ತಿದೆ, ಕೆಂಪು, ಹಸಿರು, ಮತ್ತೆ ಕೆಂಪು, ಎಷ್ಟೊಂದು ಜನ ಬಾವಿಕಟ್ಟೆಗೆ ಬಗ್ಗಿದ್ದಾರೆ, ಯಾರೂ ಬೆಲೆ ಕೇಳುತ್ತಿಲ್ಲ, ಒಳಗಿನಿಂದ ಏಳುತ್ತಿದೆ, ಬೀನ್ಸಿನ ನಾರು ಉಗುರಿಗಂಟಿದ ಕೈ, ಒದ್ದೆ, ಚಾಚಿದ ಅಂಗೈ—ಟಪ್—ಅಂಗೈ—