ಹತ್ತಕ್ಕೆ ಒಂಬತ್ತು

ಮಕ್ಕಳು ಆ ಮೇಷ್ಟ್ರಿಗೆ ಇಟ್ಟ ಹೆಸರು ಕಣ್ಬಿಡಿ ಮೇಷ್ಟ್ರು. ತರಗತಿಗೆ ಕಾಲಿಟ್ಟರೆ ಸಾಕು, ಕಣ್ಣು ಬಿಟ್ಟು ನೋಡಿ, ನೋಡಿದ್ದನ್ನು ಬರೆಯಿರಿ ಎಂಬ ಒಂದೇ ಮಂತ್ರ. ‘ಸುಂದರ’ ಎಂಬ ಪದಕ್ಕೆ ಅವರ ತರಗತಿಯಲ್ಲಿ ಪ್ರವೇಶವಿರಲಿಲ್ಲ. ‘ಅವನಿಗೆ ಕೋಪ ಬಂತು’ ಎಂದು ಬರೆದವರ ಪಾಡಂತೂ ಕೇಳುವುದೇ ಬೇಡ. ಕೋಪ ಬಂದವನ ಕೈ ಏನು ಮಾಡಿತು, ಕುತ್ತಿಗೆ ಏನಾಯಿತು ಎಂದು ಬರೆಯಬೇಕು. ಅದು ಕೋಪ ಎಂದು ತಿಳಿದುಕೊಳ್ಳುವ ಕೆಲಸ ಓದುವವನದು. ಇಷ್ಟೆಲ್ಲ ಕಲಿಸುವ ಮೇಷ್ಟ್ರು ಮಾತ್ರ ಇನ್ನೂ ಹಂಗಾಮಿ. ಪ್ರತಿ ವರ್ಷ ದೊಡ್ಡ ರಜೆಗೆ ಮುಂಚೆ ಅವರನ್ನು ಕೆಲಸದಿಂದ ಬಿಡಿಸಿ, ರಜೆ ಮುಗಿದ ಮೇಲೆ ಮತ್ತೆ ಸೇರಿಸಿಕೊಳ್ಳುವಷ್ಟು ಶಾಲೆಯದು ದೊಡ್ಡ ಮನಸ್ಸು.

ಈ ಸಲ ಕೆಲಸ ಕಾಯಂ ಆಗುವ ಯೋಗ ಬಂದಿತ್ತು. ಅದಕ್ಕೆ ಬೇಕಾದದ್ದು ತಪಾಸಣೆಗೆ ಬರುವ ಸಾಹೇಬರ ಒಂದು ಸಹಿ. ಸಹಿ ಬೀಳದಿದ್ದರೆ ರಜೆಯ ನಂತರ ಬರುವ ತೊಂದರೆ ತೆಗೆದುಕೊಳ್ಳಬೇಡಿ ಎಂದು ಹೆಡ್‌ಮಿಸ್ಸು ನಗುನಗುತ್ತಲೇ ತಿಳಿಸಿದ್ದರು. ಒಂದು ದಿನದ ಮಟ್ಟಿಗೆ ನಿಮ್ಮ ಬೆನ್ನೆಲುಬನ್ನು ಮನೆಯಲ್ಲೇ ಬಿಟ್ಟು ಹೋಗಿ, ನಾನು ಜೋಪಾನವಾಗಿ ನೋಡಿಕೊಳ್ಳುತ್ತೇನೆ ಎಂದಳು ಹೆಂಡತಿ.

ಮೇಷ್ಟ್ರು ಹಾಗೇ ಮಾಡಿದರು. ಕಲಿಸಿದ್ದನ್ನೆಲ್ಲ ಮೂಟೆ ಕಟ್ಟಿಟ್ಟು, ಹೆಡ್‌ಮಿಸ್ಸು ಬರೆದುಕೊಟ್ಟ ‘ಸೂರ್ಯೋದಯ’ ಪ್ರಬಂಧವನ್ನು ತರಗತಿಗೆ ಬಾಯಿಪಾಠ ಮಾಡಿಸಿದರು. ಅದರಲ್ಲಿ ಮೂಡಣದ ಕೆಂಪು, ಹಕ್ಕಿಗಳ ಇಂಚರ, ಮುತ್ತಿನಂಥ ಇಬ್ಬನಿ ಎಲ್ಲವೂ ಇದ್ದವು. ಸೂರ್ಯನಿಗಿಂತ ಮುಂಚೆ ಎದ್ದ ಮಗು ಮಾತ್ರ ಆ ತರಗತಿಯಲ್ಲಿ ಒಂದೂ ಇರಲಿಲ್ಲ.

ಸಾಹೇಬರು ಮಧ್ಯಾಹ್ನದ ಹೊತ್ತಿಗೆ ಬಂದರು. ಅವರ ಕೈಯಲ್ಲಿ ಸಹಿ ಬೀಳಬೇಕಾದ ಕಾಗದವಿತ್ತು, ದಪ್ಪನೆಯ ಪೆನ್ನಿತ್ತು. ತರಗತಿಯಲ್ಲೇ ಕುಳಿತ ಅವರಿಗೆ ಮೇಷ್ಟ್ರು ಉಪಚಾರದಲ್ಲಿ ಒಂದಿಷ್ಟೂ ಕೊರತೆ ಮಾಡಲಿಲ್ಲ. ಎಲ್ಲ ಮುಗಿದ ಮೇಲೆ, ಮಕ್ಕಳಿಗೆ ಸೂರ್ಯೋದಯ ಬರೆಯಲು ಹೇಳಲೇ ಸರ್ ಎಂದು ವಿನಯದಿಂದ ಕೇಳಿದರು. ಸಾಹೇಬರು ಮುಖ ಸಿಂಡರಿಸಿದರು.

“ಬೆಳಗ್ಗೆಯಿಂದ ಎರಡು ಶಾಲೆ ನೋಡ್ದೆ ಕಣ್ರಿ, ಎರಡರಲ್ಲೂ ಸೂರ್ಯ ಹುಟ್ಟಿದ. ಸಾಕು. ಈಗ ಈ ರೂಮಲ್ಲಿ ಏನ್ ನಡೀತಾ ಇದೆಯೋ ಅದನ್ನೇ ಬರೀಲಿ.”

ಬಾಯಿಪಾಠ ಕೈಕೊಟ್ಟ ಮೇಲೆ ಮಕ್ಕಳ ಬಳಿ ಉಳಿದದ್ದು ವರ್ಷವಿಡೀ ಕಲಿತದ್ದೊಂದೇ. ಎಲ್ಲರೂ ಕಣ್ಣು ಬಿಟ್ಟು ನೋಡಿದರು, ತಲೆ ತಗ್ಗಿಸಿ ಬರೆದರು.

ಸಾಹೇಬರು ಬೆಂಚುಗಳ ನಡುವೆ ಅಡ್ಡಾಡಿ, ಕೊನೆಯ ಸಾಲಿನಲ್ಲಿದ್ದ ಹುಡುಗಿಯ ಪುಸ್ತಕ ಎತ್ತಿಕೊಂಡರು. ಕರೆದರೂ ಬಾಯಿ ಬಿಡದ ಹುಡುಗಿ ಅವಳು. ಸಾಹೇಬರೇ ಗಟ್ಟಿಯಾಗಿ ಓದಿದರು.

‘ಮೇಷ್ಟ್ರು ಸಾಹೇಬರ ಕುರ್ಚಿಯನ್ನು ತಮ್ಮ ಕರ್ಚೀಫಿನಿಂದ ಒರೆಸಿದರು. ಆಮೇಲೆ ಅದರಲ್ಲೇ ಮುಖ ಒರೆಸಿಕೊಂಡರು. ಸಾಹೇಬರು ಒಂದು ಜೋಕು ಹೇಳಿದರು. ಅದು ಮುಗಿಯುವ ಮೊದಲೇ ಮೇಷ್ಟ್ರು ನಕ್ಕರು. ಮುಗಿದ ಮೇಲೆ ಇನ್ನೊಂದು ಸಲ ನಕ್ಕರು. ಸಾಹೇಬರಿಗೆ ಸೆಕೆಯಾಯಿತು. ಮೇಷ್ಟ್ರು ಹಾಜರಿ ಪುಸ್ತಕದಿಂದ ಗಾಳಿ ಹಾಕಿದರು. ಮೇಷ್ಟ್ರ ಬೆನ್ನಿನ ಮೇಲೆ ಅಂಗಿ ಒದ್ದೆಯಾಗಿತ್ತು. ಅವರ ಕಣ್ಣು ಸಾಹೇಬರ ಮುಖ ಬಿಟ್ಟು ಕದಲಲಿಲ್ಲ.’

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುತ್ತಾರೆ. ಸಾಹೇಬರು ಒದೆಯಲಿಲ್ಲ, ಅವರು ಓದಿಕೊಂಡವರು. ಪುಸ್ತಕವನ್ನು ಮೇಷ್ಟ್ರ ಮುಂದೆ ಹಿಡಿದು, ನಿಮ್ಮ ವಿದ್ಯಾರ್ಥಿನಿ, ನೀವೇ ಅಂಕ ಹಾಕಿ, ಹತ್ತಕ್ಕೆ ಎಂದರು.

ಅತ್ತ ದರಿ, ಇತ್ತ ಪುಲಿ. ಕಡಿಮೆ ಹಾಕಿದರೆ ಈ ಮೇಷ್ಟ್ರಿಗೆ ಕಲಿಸಲು ಬರುವುದಿಲ್ಲ ಎಂದು ತಾವೇ ಬರೆದುಕೊಟ್ಟ ಹಾಗೆ. ಪೂರ್ತಿ ಹಾಕಿದರೆ, ಕರ್ಚೀಫಿನ ಸಮೇತ ತಾನು ಇಂಥವನೇ ಎಂದು ಒಪ್ಪಿಕೊಂಡ ಹಾಗೆ. ನಾಚಿಕೆಯಿಂದ ಅವರ ಕಿವಿ ಸುಡುತ್ತಿತ್ತು. ಹಾಳಾದ್ದು, ಬರಹ ಮಾತ್ರ ಚೆನ್ನಾಗಿತ್ತು. ಎಲ್ಲೂ ಹೆದರಿಕೆ ಎಂಬ ಪದವಿಲ್ಲ, ಓಲೈಕೆ ಎಂಬ ಪದವಿಲ್ಲ, ಆದರೂ ಎರಡೂ ಕಣ್ಣಿಗೆ ಕಟ್ಟಿದಂತಿದ್ದವು. ಇಷ್ಟು ವರ್ಷ ಗಂಟಲು ಹರಿದುಕೊಂಡು ಕೇಳಿದ್ದನ್ನು ಯಾರಾದರೂ ಬರೆದುಕೊಟ್ಟದ್ದು ಇದೇ ಮೊದಲು. ಅದನ್ನು ನೆನೆದು ಅವರಿಗೆ ಆ ನಾಚಿಕೆಯಲ್ಲೂ ಹೆಮ್ಮೆಯಾಯಿತು.

ಕೆಂಪು ಪೆನ್ನು ತೆಗೆದು ಒಂಬತ್ತು ಹಾಕಿದರು.

ಬಾಗಿಲಲ್ಲಿ ನಿಂತಿದ್ದ ಹೆಡ್‌ಮಿಸ್ಸು ಕಣ್ಸನ್ನೆಯಲ್ಲೇ ಬೇಡ ಬೇಡ ಎಂದರು. ಆ ಒಂದು ಅಂಕ ಯಾಕೆ ಕಳೆದಿರಿ ಎಂದು ಸಾಹೇಬರು ಕೇಳಿದರು. ಅವರ ದನಿಯಲ್ಲಿ ಬಲೆ ಹರಡಿತ್ತು. ಮೇಷ್ಟ್ರು ಅವರಿಗೆ ಉತ್ತರ ಕೊಡದೆ ಹುಡುಗಿಯ ಕಡೆ ತಿರುಗಿದರು.

“ಎಲ್ಲಾ ಸರಿಯಾಗಿ ನೋಡಿದ್ದೀಯಮ್ಮ. ಒಂದು ಕಡೆ ಎಡವಿದ್ದೀಯ. ನನ್ನ ಕಣ್ಣು ಸಾಹೇಬ್ರ ಮುಖದ ಮೇಲಿತ್ತು ಅಂತ ಬರ್ದಿದ್ದೀಯಲ್ಲ, ಅದು ತಪ್ಪು. ಮುಖ ಯಾರಿಗೆ ಬೇಕು? ನಾನು ನೋಡ್ತಾ ಇದ್ದದ್ದು ಅವರ ಪೆನ್ನನ್ನ.”

ಹುಡುಗಿ ಪುಸ್ತಕ ವಾಪಸ್ಸು ತೆಗೆದುಕೊಂಡು, ‘ಮುಖ’ ಹೊಡೆದುಹಾಕಿ ‘ಪೆನ್ನು’ ಎಂದು ತಿದ್ದಿದಳು. ಸಾಹೇಬರು ತಮ್ಮ ಕೈಯಲ್ಲಿದ್ದ ಪೆನ್ನನ್ನು ಒಮ್ಮೆ ನೋಡಿಕೊಂಡರು. ಮುಖ ಕೆಂಪಗಾಗಿತ್ತು, ನಗು ಬರಲಿಲ್ಲ. ಕುಳಿತು, ಕಾಗದ ಬಿಡಿಸಿ, ಸಹಿ ಹಾಕಿದರು. ಹೊರಡುವಾಗ ಸಾಹೇಬರು, ಮೇಷ್ಟ್ರು ಕುರ್ಚಿ ಹಿಂದಕ್ಕೆಳೆಯಲು ಓಡಿ ಬರಬಹುದೆಂದು ಒಂದು ಕ್ಷಣ ಕಾದರು, ಆಮೇಲೆ ತಾವೇ ಎಳೆದುಕೊಂಡರು.